ರೇಸಿಂಗ್ ಆಟದಲ್ಲಿ ಮೋಸ: ಹಿಡಿಯುವ ಬಗೆ, ತಡೆಯುವ ಬಗೆ

ಆನ್‌ಲೈನ್ ರೇಸಿಂಗ್ ಆಟಗಳಲ್ಲಿ ನಡೆಯುವ ಮೋಸದ ಬಗ್ಗೆ ಬಳ್ಳಾರಿ, ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳ ಓದುಗರು ಬರೆದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬರೆದವರಲ್ಲಿ ಆಟ ಕಟ್ಟುವವರಿದ್ದಾರೆ, ಆಡುವವರಿದ್ದಾರೆ, ಆಡುವ ಮಕ್ಕಳ ತಂದೆತಾಯಿಯರೂ ಇದ್ದಾರೆ. ಹೆಸರು ಬೇಡವೆಂದು ಹಲವರು ಕೋರಿರುವುದರಿಂದ ಎಲ್ಲರದೂ ಊರಿನ ಹೆಸರನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ನಾವು ನಾಲ್ವರು ಎಂಜಿನಿಯರಿಂಗ್ ಅಂತಿಮ ವರ್ಷದವರು. ಎಂಟು ಜನ ಏಕಕಾಲಕ್ಕೆ ಆಡಬಹುದಾದ ಕಾರ್ ರೇಸಿಂಗ್ ಆಟವೊಂದನ್ನು ಪ್ರಾಜೆಕ್ಟ್‌ಗಾಗಿ ಕಟ್ಟಿದ್ದೇವೆ. ಪ್ರತಿ ಆಟಗಾರನ ಫೋನು ತನ್ನ ಕಾರಿನ ಜಾಗ ಮತ್ತು ವೇಗವನ್ನು ಸರ್ವರಿಗೆ, ಎಂದರೆ ಎಲ್ಲರ ಆಟವನ್ನು ಜೋಡಿಸುವ ಕೇಂದ್ರ ಕಂಪ್ಯೂಟರಿಗೆ, ಕಳಿಸುತ್ತದೆ, ಸರ್ವರ್ ಅದನ್ನು ಉಳಿದವರಿಗೆ ತಲುಪಿಸುತ್ತದೆ. ಕಾಲೇಜಿನಲ್ಲಿ ಆಡಲು ಕೊಟ್ಟಾಗ ಜೂನಿಯರ್ ಒಬ್ಬ ಮೂರು ನಿಮಿಷ ಹಿಡಿಯುವ ಟ್ರ್ಯಾಕನ್ನು 40 ಸೆಕೆಂಡಿನಲ್ಲಿ ಮುಗಿಸಿಬಿಟ್ಟ. ಕೋಡನ್ನು ಇನ್ನಷ್ಟು ಜಟಿಲಗೊಳಿಸಿ ಬಚ್ಚಿಟ್ಟರೆ ಸಾಕೇ? (ಬಳ್ಳಾರಿ)

ಉತ್ತರ: ಸಾಲದು. ಎಷ್ಟೇ ಬಚ್ಚಿಟ್ಟರೂ ಆ ಕೋಡು ಕೊನೆಗೆ ಓಡುವುದು ಆಟಗಾರನ ಕೈಯಲ್ಲಿರುವ ಯಂತ್ರದಲ್ಲಿಯೇ. ಆ ಯಂತ್ರದ ಮೆಮೊರಿಯೊಳಗೆ ವೇಗ ಕುಳಿತಿರುವ ಜಾಗವನ್ನು ಹುಡುಕಿ ಅಲ್ಲಿನ ಸಂಖ್ಯೆಯನ್ನು ತಿದ್ದುವ ಸಲಕರಣೆಗಳು ಬಹಳ ಕಾಲದಿಂದ ಪುಕ್ಕಟೆಯಾಗಿ ಸಿಗುತ್ತಿವೆ. ನಿಮ್ಮ ಆಟದ ಮೂಲ ದೋಷವೆಂದರೆ, ಯಾರನ್ನು ಪರೀಕ್ಷಿಸಬೇಕೋ ಅವರ ಮಾತನ್ನೇ ಸರ್ವರ್ ಸಾಕ್ಷಿಯಾಗಿ ಸ್ವೀಕರಿಸುತ್ತಿದೆ. ರಾಯಚೂರಿನ ಮಾರುಕಟ್ಟೆಗೆ ಬಂದ ಹತ್ತಿಯ ತೂಕವನ್ನು ತಂದವರ ಬಾಯಿಮಾತಿನ ಮೇಲೆ ಯಾರೂ ಬರೆದುಕೊಳ್ಳುವುದಿಲ್ಲ, ಗಾಡಿ ವೇಬ್ರಿಡ್ಜ್ ಹತ್ತಲೇಬೇಕು. ನಿಮ್ಮ ಸರ್ವರ್‌ನಲ್ಲಿ ಆ ವೇಬ್ರಿಡ್ಜೇ ಇಲ್ಲ.

ಆಟಗಾರನ ಫೋನಿನಿಂದ ಫಲಿತಾಂಶವನ್ನು ಪಡೆಯದೆ, ಅವನು ಮಾಡಿದ್ದನ್ನಷ್ಟೇ ಪಡೆಯುವುದು ಸರಿಯಾದ ಕ್ರಮ: ಸ್ಟೀರಿಂಗ್ ಎಷ್ಟು ತಿರುಗಿಸಿದ, ಆಕ್ಸಿಲರೇಟರ್ ಎಷ್ಟು ಒತ್ತಿದ, ಬ್ರೇಕ್ ಯಾವ ಗಳಿಗೆಯಲ್ಲಿ ಹಿಡಿದ. ಅದರಿಂದ ಕಾರು ಎಲ್ಲಿಗೆ ಹೋಯಿತೆಂಬ ಲೆಕ್ಕವನ್ನು ಸರ್ವರ್ ತಾನೇ ಮಾಡಬೇಕು. ಉತ್ತರ ಬರುವವರೆಗೆ ಪರದೆ ಸ್ತಬ್ಧವಾಗಿ ನಿಲ್ಲಬಾರದೆಂಬ ಕಾರಣಕ್ಕೆ ಫೋನು ಸಹ ಅದೇ ಲೆಕ್ಕವನ್ನು ಮುಂಗಡವಾಗಿ ಮಾಡಿ ತೋರಿಸುತ್ತಿರುತ್ತದೆ. ಎರಡೂ ತಾಳೆಯಾಗದಿದ್ದರೆ ಸರ್ವರಿನ ಮಾತೇ ಅಂತಿಮವಾಗಿ, ಫೋನು ತನ್ನ ಕಾರನ್ನು ಸರಿಯಾದ ಜಾಗಕ್ಕೆ ಎಳೆದುಕೊಳ್ಳುತ್ತದೆ. ಸೂಪರ್‌ಟಕ್ಸ್‌ಕಾರ್ಟ್ ಎಂಬ ಮುಕ್ತ ತಂತ್ರಾಂಶದ ರೇಸಿಂಗ್ ಆಟಕ್ಕೆ 2019ರಲ್ಲಿ ಬಂದ 1.0 ಆವೃತ್ತಿಯಲ್ಲಿ ಆನ್‌ಲೈನ್ ಆಟದ ಸೌಲಭ್ಯ ಸೇರಿತು. ಅದರ ಮೂಲ ಕೋಡು ಎಲ್ಲರಿಗೂ ತೆರೆದಿದೆ, ಬಿಡುವು ಮಾಡಿಕೊಂಡು ನೆಟ್‌ವರ್ಕ್ ಭಾಗವನ್ನು ಓದಿ ನೋಡಿ.

ಪ್ರಾಜೆಕ್ಟ್ ಒಪ್ಪಿಸುವ ದಿನ ಹತ್ತಿರವಿದ್ದು ಇಷ್ಟೆಲ್ಲ ಬದಲಿಸಲು ಸಮಯವಿಲ್ಲದಿದ್ದರೆ, ಕನಿಷ್ಠ ಸರ್ವರಿನ ಬದಿಯಲ್ಲಿ ಕೆಲವು ತಪಾಸಣೆಗಳನ್ನು ಸೇರಿಸಿ. ಮೊದಲನೆಯದು ಗಡಿಯಾರ. ಆಟಕ್ಕೆ ಫೋನು ತಿಳಿಸುವ ಸಮಯವನ್ನೇ ವೇಗವಾಗಿ ಓಡಿಸುವ ಸ್ಪೀಡ್ ಹ್ಯಾಕ್ ಅತ್ಯಂತ ಹಳೆಯ ತಂತ್ರ, ನಿಮ್ಮ ಜೂನಿಯರ್ ಬಳಸಿದ್ದೂ ಬಹುಶಃ ಅದನ್ನೇ. ಸಾಮಾನ್ಯ ಫೋನಿನ ಗಡಿಯಾರ ತಪ್ಪಿದರೂ ಹತ್ತು ಲಕ್ಷದಲ್ಲಿ ಕೆಲವು ಹತ್ತು ಭಾಗಗಳಷ್ಟು ತಪ್ಪುತ್ತದೆ. 50 ಭಾಗ ಎಂದಿಟ್ಟುಕೊಂಡರೂ ಮೂರು ನಿಮಿಷದ ರೇಸಿನಲ್ಲಿ ಆಗುವ ವ್ಯತ್ಯಾಸ 9 ಮಿಲಿಸೆಕೆಂಡ್. ಯಾರಾದರೂ ಆಟವನ್ನು ನೂರಕ್ಕೆ ಎರಡರಷ್ಟು ಮಾತ್ರ ವೇಗಗೊಳಿಸಿದರೂ ವ್ಯತ್ಯಾಸ 3.6 ಸೆಕೆಂಡ್ ಆಗುತ್ತದೆ. ಈ ಎರಡರ ನಡುವಿನ ಅಂತರ ಎಷ್ಟು ದೊಡ್ಡದೆಂದರೆ, ಫೋನಿನ ಗಡಿಯಾರವನ್ನು ಸರ್ವರಿನ ಗಡಿಯಾರದೊಂದಿಗೆ ಆಗಾಗ ಹೋಲಿಸುತ್ತ ಹೋದರೆ ಸ್ಪೀಡ್ ಹ್ಯಾಕ್ ತಪ್ಪಿಸಿಕೊಳ್ಳುವುದು ಬಹಳ ಕಷ್ಟ. ರೇಸಿನ ಆರಂಭ ಮತ್ತು ಮುಕ್ತಾಯದ ಹೊತ್ತನ್ನಂತೂ ಸರ್ವರ್ ತನ್ನ ಗಡಿಯಾರದಲ್ಲಿಯೇ ಬರೆದುಕೊಳ್ಳಬೇಕು.

ಎರಡನೆಯದು ದಾರಿ. ಟ್ರ್ಯಾಕಿನುದ್ದಕ್ಕೂ ಚೆಕ್‌ಪಾಯಿಂಟ್‌ಗಳಿರಲಿ, ಅವನ್ನು ಕ್ರಮವಾಗಿ ದಾಟದವರ ಸುತ್ತು ಲೆಕ್ಕಕ್ಕೆ ಬರದಿರಲಿ. ಮೂರನೆಯದು ಭೌತಶಾಸ್ತ್ರ, ನನಗೆ ಬಹಳ ಇಷ್ಟವಾದ ತಪಾಸಣೆ. ತಿರುವಿನಲ್ಲಿ ಕಾರಿನ ವೇಗದ ವರ್ಗವನ್ನು ತಿರುವಿನ ತ್ರಿಜ್ಯದಿಂದ ಭಾಗಿಸಿದರೆ ಬರುವ ವೇಗೋತ್ಕರ್ಷವು ಟೈರಿನ ಹಿಡಿತವನ್ನು ಮೀರುವಂತಿಲ್ಲ. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ, ಘರ್ಷಣಾಂಕ 1.2 ಇರುವ ಒಳ್ಳೆಯ ಟೈರಿನ ಕಾರು ಗಂಟೆಗೆ ಸುಮಾರು 87 ಕಿ.ಮೀ.ಗಿಂತ ಹೆಚ್ಚಿನ ವೇಗದಲ್ಲಿ ಹೋದರೆ ಜಾರಿ ಹೊರಬೀಳುತ್ತದೆ. ಅದೇ ತಿರುವನ್ನು 160 ಕಿ.ಮೀ. ವೇಗದಲ್ಲಿ ಗೆರೆ ಬಿಡದೆ ದಾಟಿದವನ ಕಾರು ಗುರುತ್ವದ ನಾಲ್ಕು ಪಟ್ಟು ಹಿಡಿತ ಹೊಂದಿರಬೇಕಾಗುತ್ತದೆ. ಅಂಥ ಟೈರನ್ನು ನಿಮ್ಮ ಆಟ ಯಾರಿಗೂ ಕೊಟ್ಟಿಲ್ಲವೆಂದಾದರೆ ಅವನು ಎಲ್ಲಿಂದಲೋ ತಂದಿದ್ದಾನೆ ಎಂದರ್ಥ.

ಆದರೆ ಮಿತಿಗಳನ್ನು ತೀರಾ ಬಿಗಿಯಾಗಿ ಇಡಬೇಡಿ. ಹಿಂದಿನ ಕಾರು ಗುದ್ದಿದಾಗ ಅಥವಾ ಕ್ಷಣಕಾಲ ವೇಗ ಹೆಚ್ಚಿಸುವ ನೈಟ್ರೋ ಹಾಕಿಕೊಂಡು ಇಳಿಜಾರಿನಲ್ಲಿ ಬರುವಾಗ ಪ್ರಾಮಾಣಿಕ ಕಾರೂ ಕ್ಷಣಕಾಲ ಮಿತಿ ದಾಟಬಹುದು. ಮಿತಿ ಮೀರಿದ ಕಾರನ್ನು ಮೊದಲು ಸರಿಯಾದ ಜಾಗಕ್ಕೆ ತಂದು ಕೂರಿಸಿ. ಪದೇಪದೇ ಮೀರಿದರೆ ದಾಖಲಿಸಿ. ಹೊರಗೆ ಹಾಕುವ ಮಾತು ಅದರ ನಂತರದ್ದು.

ಪ್ರಶ್ನೆ: ಎಲ್ಲವನ್ನೂ ಸರ್ವರ್ ಲೆಕ್ಕ ಹಾಕಿದರೂ, ಮನುಷ್ಯನ ಬದಲು ಒಂದು ಪ್ರೋಗ್ರಾಮ್ ಸ್ಟೀರಿಂಗ್ ತಿರುಗಿಸುತ್ತಿದ್ದರೆ ತಿಳಿಯುವುದು ಹೇಗೆ? ರಿಪ್ಲೇ ನೋಡಿ ಹೇಳಬಹುದೇ? (ಲಿಂಗಸುಗೂರು)

ಉತ್ತರ: ರಿಪ್ಲೇಯ ಚಿತ್ರವನ್ನು ಕಣ್ಣಿನಿಂದ ನೋಡಿ ಹೇಳುವುದು ಕಷ್ಟ, ರಿಪ್ಲೇ ಕಡತದೊಳಗಿನ ಅಂಕಿಗಳನ್ನು ಓದಿ ಹೇಳಬಹುದು. ಇದಕ್ಕೆ ಒಳ್ಳೆಯ ನಿದರ್ಶನ ಟ್ರ್ಯಾಕ್‌ಮೇನಿಯಾ. ಫ್ರಾನ್ಸಿನ ನಾಡಿಯೋ ಕಂಪನಿಯ ಈ ಆಟದಲ್ಲಿ ಸೆಕೆಂಡಿನ ನೂರನೇ ಒಂದು ಭಾಗಕ್ಕಾಗಿ ಆಟಗಾರರು ವರ್ಷಗಟ್ಟಲೆ ಸೆಣಸುತ್ತಾರೆ. ಅದರ ರಿಪ್ಲೇ ಕಡತದಲ್ಲಿ ವಿಡಿಯೊ ಇರುವುದಿಲ್ಲ, ಯಾವ ಕೀಲಿಯನ್ನು ಯಾವ ಕ್ಷಣದಲ್ಲಿ ಒತ್ತಲಾಯಿತೆಂಬ ದಾಖಲೆ ಇರುತ್ತದೆ. ಅದೇ ಒತ್ತುವಿಕೆಗಳನ್ನು ಮತ್ತೆ ಕೊಟ್ಟರೆ ಕಾರು ಅದೇ ದಾರಿಯಲ್ಲಿ ಅದೇ ಸಮಯಕ್ಕೆ ಗುರಿ ಮುಟ್ಟುತ್ತದೆ. 2021ರ ಮೇ ತಿಂಗಳಲ್ಲಿ ಆಟಗಾರರೇ ಈ ದಾಖಲೆಗಳನ್ನು ಜಾಲಾಡಿದಾಗ, ವರ್ಷಗಳಿಂದ ಮಾನ್ಯವಾಗಿದ್ದ ಹಲವು ದಾಖಲೆಗಳಲ್ಲಿ ಸ್ಟೀರಿಂಗ್ ಒತ್ತುವಿಕೆ ಮನುಷ್ಯನ ಬೆರಳಿಗೆ ಅಸಹಜವೆನಿಸುವಷ್ಟು ದಟ್ಟವಾಗಿರುವುದು ಕಂಡುಬಂತು. ಆಟವನ್ನು ನಿಧಾನಗತಿಗೆ ಇಳಿಸಿ ಆಡಿ, ಸಹಜ ವೇಗದಲ್ಲಿ ಆಡಿದಂತೆ ಸಲ್ಲಿಸಲಾಗಿತ್ತು. ಭೌತಶಾಸ್ತ್ರದ ಲೆಕ್ಕದಲ್ಲಿ ಆ ಓಟಗಳಲ್ಲಿ ಒಂದು ತಪ್ಪೂ ಇರಲಿಲ್ಲ, ಆದ್ದರಿಂದಲೇ ಅಷ್ಟು ಕಾಲ ಸಿಕ್ಕಿಬೀಳಲಿಲ್ಲ. ಈ ಉಪಾಯ ಒಬ್ಬಂಟಿಯಾಗಿ ದಾಖಲೆ ಮಾಡುವಲ್ಲಿ ನಡೆಯುತ್ತದೆಯೇ ಹೊರತು, ಎಂಟು ಜನ ಒಟ್ಟಿಗೆ ಓಡುವಾಗ ನಡೆಯುವುದಿಲ್ಲ; ಅಲ್ಲಿ ನಿಧಾನಿಸಿದವನು ಹಿಂದುಳಿಯುತ್ತಾನೆ ಅಷ್ಟೆ.

ಪ್ರೋಗ್ರಾಮ್ ಓಡಿಸುವ ಕಾರಿನ ಗುರುತು ಬೇರೆ ಬಗೆಯದು. ಮನುಷ್ಯ ಒಂದೇ ತಿರುವನ್ನು ಇಪ್ಪತ್ತು ಸಲ ದಾಟಿದರೆ ಇಪ್ಪತ್ತು ಸಲವೂ ಬ್ರೇಕ್ ಹಿಡಿಯುವ ಬಿಂದು ಹಿಂದೆಮುಂದೆ ಆಗುತ್ತದೆ, ಸ್ಟೀರಿಂಗನ್ನು ಸ್ವಲ್ಪ ಹೆಚ್ಚು ತಿರುಗಿಸಿ ಮತ್ತೆ ಸರಿಪಡಿಸಿಕೊಳ್ಳುತ್ತಾನೆ, ಆಯಾಸವಾದಂತೆ ತಪ್ಪುಗಳು ಹೆಚ್ಚುತ್ತವೆ. ಪ್ರೋಗ್ರಾಮಿನಲ್ಲಿ ಈ ಚದುರುವಿಕೆ ಇರುವುದಿಲ್ಲ. ಇರಬೇಕೆಂದು ಕೃತಕವಾಗಿ ಬೆರೆಸಿದ ಚದುರುವಿಕೆ ಸಾಮಾನ್ಯವಾಗಿ ಮನುಷ್ಯನದರಂತೆ ಇರುವುದಿಲ್ಲ. ಪ್ರತಿಕ್ರಿಯೆಯ ವೇಗವನ್ನೂ ನೋಡಬಹುದು. ಓಟದ ಸ್ಪರ್ಧೆಗಳಲ್ಲಿ ಗುಂಡಿನ ಸದ್ದಾದ 0.1 ಸೆಕೆಂಡಿನೊಳಗೆ ಹೊರಟವರನ್ನು ತಪ್ಪು ಆರಂಭ ಎಂದು ತಡೆಯುವ ನಿಯಮವಿದೆ, ಆದರೆ ಅದನ್ನು ಆಟಕ್ಕೆ ಹಾಗೆಯೇ ಅನ್ವಯಿಸಿದರೆ ಅನ್ಯಾಯವಾದೀತು: ಮೂರು, ಎರಡು, ಒಂದು ಎಂದು ಎಣಿಸುವ ಆಟದಲ್ಲಿ ಲಯ ಹಿಡಿದು ಸೊನ್ನೆಗೆ ಸರಿಯಾಗಿ ಹೊರಡುವುದು ಕೌಶಲ. ದೀಪ ಯಾವಾಗ ಆರುತ್ತದೆಂದು ಮೊದಲೇ ಗೊತ್ತಾಗದ ಆಟದಲ್ಲಿ ಮಾತ್ರ, ಅದೂ ಮತ್ತೆ ಮತ್ತೆ ಹಾಗಾದರೆ ಮಾತ್ರ, ಸಂಶಯಕ್ಕೆ ಕಾರಣವಿದೆ.

ಪ್ರಶ್ನೆ: ಮೊಬೈಲಿನಲ್ಲಿ ರೇಸಿಂಗ್ ಆಡುವ ನನ್ನನ್ನು ಮೋಸಗಾರನೆಂದು ಆಟದವರು ಒಂದು ವಾರ ಹೊರಗಿಟ್ಟರು. ನನ್ನ ಕಾರು ಜಿಗಿಯುತ್ತದೆ, ಮಾಯವಾಗುತ್ತದೆ ಎಂದು ಎದುರಾಳಿಗಳು ದೂರಿದ್ದರಂತೆ. ನಾನು ಯಾವ ಹ್ಯಾಕನ್ನೂ ಬಳಸಿಲ್ಲ, ನಮ್ಮ ಕಡೆ ನೆಟ್‌ವರ್ಕ್ ಸರಿಯಿಲ್ಲ. ಇದು ನ್ಯಾಯವೇ? (ಸಿಂಧನೂರು)

ಉತ್ತರ: ನೀವು ಹೇಳಿದಂತೆಯೇ ನಡೆದಿದ್ದರೆ ನ್ಯಾಯವಲ್ಲ. ಗಂಟೆಗೆ 180 ಕಿ.ಮೀ. ವೇಗದ ಕಾರು ಸೆಕೆಂಡಿಗೆ 50 ಮೀಟರ್ ಸಾಗುತ್ತದೆ. ಸಂದೇಶ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾದರೆ ಎದುರಾಳಿಯ ಪರದೆಯಲ್ಲಿ ನಿಮ್ಮ ಕಾರು ಇರಬೇಕಾದ ಜಾಗಕ್ಕಿಂತ 5 ಮೀಟರ್, ಎಂದರೆ ಒಂದು ಕಾರಿನ ಉದ್ದಕ್ಕೂ ಹೆಚ್ಚು, ಹಿಂದಿರುತ್ತದೆ. ಈ ಕೊರತೆ ಕಾಣಬಾರದೆಂದು ಎದುರಾಳಿಯ ಫೋನು ನಿಮ್ಮ ಹಿಂದಿನ ವೇಗ ಮತ್ತು ದಿಕ್ಕನ್ನು ಹಿಡಿದು ಕಾರನ್ನು ಊಹೆಯ ಮೇಲೆ ಮುಂದೆ ಓಡಿಸುತ್ತಿರುತ್ತದೆ. ನೀವು ಅಷ್ಟರಲ್ಲಿ ತಿರುಗಿದ್ದರೆ ಊಹೆ ತಪ್ಪುತ್ತದೆ, ಹೊಸ ಸಂದೇಶ ಬಂದೊಡನೆ ಕಾರು ಜಿಗಿದು ಸರಿಯಾದ ಜಾಗಕ್ಕೆ ಬರುತ್ತದೆ. ನೋಡುವವರಿಗೆ ಇದು ಮಾಯೆಯಂತೆ ಕಾಣುವುದು ಸಹಜ. ಸರ್ವರ್ ಸಿಂಗಾಪುರದಲ್ಲಿದ್ದರೆ ಗಾಜಿನ ತಂತಿಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡಿದರೂ, ಇಲ್ಲಿಂದ 3,000 ಕಿ.ಮೀ.ಗೂ ಮಿಕ್ಕಿದ ದೂರವನ್ನು ಹೋಗಿ ಬರಲು 30 ಮಿಲಿಸೆಕೆಂಡಿಗಿಂತ ಹೆಚ್ಚು ಬೇಕು. ಊರಿನ ಟವರಿನಲ್ಲಿ ಆಗುವ ವಿಳಂಬ ಇದರ ಮೇಲಿನದು.

ಇನ್ನೊಂದು ಕಾರಣ ನಮ್ಮ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು ಜಿಲ್ಲೆಯ ಮಧ್ಯಾಹ್ನದಲ್ಲಿ ಫೋನು ಆಟವಾಡುತ್ತ ಕಾದಾಗ, ಅದರ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ. ಕೆಲವು ಆಟಗಳಲ್ಲಿ ಆಗ ಆಟದ ಕಾಲವೇ ನಿಧಾನವಾಗಿ, ಸರ್ವರಿಗೆ ಅದು ಗಡಿಯಾರ ತಿದ್ದಿದಂತೆಯೂ ಕಾಣಬಹುದು.

ಆದರೂ ಆಟದವರ ಸಂಶಯ ಪೂರ್ತಿ ಆಧಾರವಿಲ್ಲದ್ದಲ್ಲ. ಲ್ಯಾಗ್ ಸ್ವಿಚ್ ಎಂಬ ಮೋಸವೊಂದಿದೆ: ಬೇಕಾದ ಗಳಿಗೆಯಲ್ಲಿ ಸಂಪರ್ಕವನ್ನು ಕ್ಷಣಕಾಲ ತಾನೇ ಕಡಿದು, ಎದುರಾಳಿ ಗುದ್ದಲಾಗದಂತೆ ಅಥವಾ ಹಿಂದಿಕ್ಕಲಾಗದಂತೆ ಮಾಡುವುದು. ಇದನ್ನು ಕೆಟ್ಟ ನೆಟ್‌ವರ್ಕಿನಿಂದ ಬೇರ್ಪಡಿಸಲು ಸಾಧ್ಯವಿದೆ. ಕೆಟ್ಟ ನೆಟ್‌ವರ್ಕ್ ರೇಸಿನುದ್ದಕ್ಕೂ ಸಮಯ ನೋಡದೆ ಕಾಡುತ್ತದೆ, ಬರುವ ಸಂದೇಶಗಳನ್ನೂ ಹೋಗುವ ಸಂದೇಶಗಳನ್ನೂ ಸಾಮಾನ್ಯವಾಗಿ ಒಟ್ಟಿಗೆ ಕೆಡಿಸುತ್ತದೆ. ಸ್ವಿಚ್ ಬಳಸುವವನಲ್ಲಿ ಹೋಗುವ ಸಂದೇಶ ಮಾತ್ರ ನಿಲ್ಲುವುದುಂಟು, ಅದೂ ಎದುರಾಳಿ ಹತ್ತಿರ ಬಂದಾಗಲೇ. ನೀವು ಮನವಿ ಸಲ್ಲಿಸುವಾಗ ರೇಸುಗಳ ದಿನಾಂಕ, ಹೊತ್ತು, ಆಗಿನ ಪಿಂಗ್ (ಸಂದೇಶ ಸರ್ವರಿಗೆ ಹೋಗಿ ಬರಲು ಹಿಡಿಯುವ ಸಮಯ) ತೋರಿಸುವ ಸ್ಕ್ರೀನ್‌ಶಾಟ್‌ಗಳನ್ನು ಕಳಿಸಿ, ಈ ಎರಡು ಅಂಶಗಳನ್ನು ದಾಖಲೆಯಲ್ಲಿ ಪರಿಶೀಲಿಸುವಂತೆ ನೇರವಾಗಿ ಕೇಳಿ. 'ನಾನು ಮೋಸ ಮಾಡಿಲ್ಲ' ಎಂಬ ವಾಕ್ಯ ಅವರಿಗೆ ಮೋಸಗಾರರಿಂದಲೂ ದಿನಾ ಬರುತ್ತದೆ.

ಪ್ರಶ್ನೆ: ನೂರಕ್ಕೆ ತೊಂಬತ್ತೊಂಬತ್ತು ನಿಖರವಾದ ಕೃತಕ ಬುದ್ಧಿಮತ್ತೆಯ ವ್ಯವಸ್ಥೆ ಇದ್ದರೆ, ಅದು ಗುರುತಿಸಿದವರನ್ನು ತಾನಾಗಿಯೇ ಹೊರಹಾಕಲು ಬಿಡಬಹುದಲ್ಲವೇ? (ಕುಷ್ಟಗಿ)

ಉತ್ತರ: ಬಿಡಬಾರದು. 10,000 ಆಟಗಾರರಲ್ಲಿ 100 ಮಂದಿ ಮೋಸಗಾರರು ಎಂದು ಭಾವಿಸಿ. ವ್ಯವಸ್ಥೆ ಆ ನೂರರಲ್ಲಿ 99 ಮಂದಿಯನ್ನು ಹಿಡಿಯುತ್ತದೆ. ಉಳಿದ 9,900 ಪ್ರಾಮಾಣಿಕರಲ್ಲಿ ನೂರಕ್ಕೆ ಒಬ್ಬರಂತೆ ಅದು ತಪ್ಪಿದರೂ 99 ಮಂದಿಯನ್ನು ವಿನಾಕಾರಣ ಹಿಡಿಯುತ್ತದೆ. ಎಂದರೆ ಹೊರಬಿದ್ದವರಲ್ಲಿ ಅರ್ಧದಷ್ಟು ಜನ ನಿರಪರಾಧಿಗಳು. ಮೋಸಗಾರರ ಪ್ರಮಾಣ ಇನ್ನೂ ಕಡಿಮೆಯಿದ್ದರೆ ನಿರಪರಾಧಿಗಳ ಪಾಲು ಅರ್ಧವನ್ನೂ ಮೀರುತ್ತದೆ. ಜಾಹೀರಾತುಗಳು ತೊಂಬತ್ತೊಂಬತ್ತರ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಹೇಳುತ್ತವೆ, ಈ ಲೆಕ್ಕವನ್ನು ಹೇಳುವುದಿಲ್ಲ. ಅಂಥ ವ್ಯವಸ್ಥೆಯ ಸರಿಯಾದ ಕೆಲಸವೆಂದರೆ ಮನುಷ್ಯರು ಪರಿಶೀಲಿಸಬೇಕಾದ ರಾಶಿಯನ್ನು ಹತ್ತು ಸಾವಿರದಿಂದ ಇನ್ನೂರಕ್ಕೆ ಇಳಿಸಿಕೊಡುವುದು. ಆ ಇನ್ನೂರರಲ್ಲಿ ಗಡಿಯಾರ, ಭೌತಶಾಸ್ತ್ರ, ಸ್ಟೀರಿಂಗ್ ದಾಖಲೆಗಳಂಥ ಪರಸ್ಪರ ಸಂಬಂಧವಿಲ್ಲದ ಎರಡು ಸಾಕ್ಷ್ಯಗಳು ಒಂದೇ ಮಾತು ಹೇಳಿದಾಗ ಮಾತ್ರ ಕ್ರಮ ಕೈಗೊಳ್ಳುವುದು ಸೂಕ್ತ.

ಪ್ರಶ್ನೆ: ನಾವು ಹಾಸ್ಟೆಲಿನ ಹುಡುಗರು. ನಮ್ಮಲ್ಲೊಬ್ಬ ಹ್ಯಾಕ್ ಬಳಸಿ ಸಿಕ್ಕಿಬಿದ್ದ ಮೇಲೆ ಅದೇ ವೈಫೈಯಲ್ಲಿದ್ದ ಎಲ್ಲರ ಆಟವೂ ನಿಂತುಹೋಯಿತು. ಅವನು ಮಾತ್ರ ಮೊಬೈಲ್ ಡೇಟಾದಲ್ಲಿ ಹೊಸ ಖಾತೆ ತೆರೆದು ಆರಾಮಾಗಿ ಆಡುತ್ತಿದ್ದಾನೆ! (ಗಂಗಾವತಿ)

ಉತ್ತರ: ಐಪಿ ವಿಳಾಸವನ್ನು, ಎಂದರೆ ಅಂತರ್ಜಾಲದಲ್ಲಿ ಒಂದು ಸಂಪರ್ಕವನ್ನು ಗುರುತಿಸುವ ಸಂಖ್ಯೆಯನ್ನು, ತಡೆಯುವ ಪದ್ಧತಿಯ ದೋಷವನ್ನು ನಿಮ್ಮ ಪತ್ರ ಪೂರ್ತಿಯಾಗಿ ತೋರಿಸಿದೆ. ಹಾಸ್ಟೆಲಿನ ವೈಫೈಗೆ ಹೊರಜಗತ್ತಿಗೆ ಕಾಣುವ ವಿಳಾಸ ಒಂದೇ. ಮೊಬೈಲ್ ಕಂಪನಿಗಳಲ್ಲಂತೂ ಹಳೆಯ ಮಾದರಿಯ ಐಪಿ ವಿಳಾಸಗಳ ಕೊರತೆಯಿಂದ ಒಂದೇ ವಿಳಾಸವನ್ನು ಪರಸ್ಪರ ಗುರುತಿಲ್ಲದ ನೂರಾರು ಗ್ರಾಹಕರು ಹಂಚಿಕೊಂಡಿರುತ್ತಾರೆ, ಫೋನನ್ನು ಆರಿಸಿ ಹಚ್ಚಿದರೆ ವಿಳಾಸ ಬದಲಾಗುವುದೂ ಉಂಟು. ಖಾತೆ ಮತ್ತು ಫೋನು ಎರಡನ್ನೂ ಗುರುತಿಟ್ಟು ತಡೆಯುವುದು ಇದಕ್ಕಿಂತ ಮೇಲು, ಆದರೆ ಕೈ ಬದಲಾಗಿ ಬಂದ ಹಳೆಯ ಫೋನು ಕೊಂಡವರಿಗೆ ಹಿಂದಿನ ಒಡೆಯನ ಶಿಕ್ಷೆ ತಗಲುವ ಅಪಾಯ ಅಲ್ಲಿಯೂ ಇದೆ.

ಹೊಸ ಖಾತೆಯ ಉಪಾಯಕ್ಕೆ ನನಗೆ ಮೆಚ್ಚಿಗೆಯಾದ ಪರಿಹಾರ, ಮೋಸಗಾರರನ್ನು ಹೊರಹಾಕದೆ ಅವರವರೊಳಗೇ ಆಡಲು ಬಿಡುವುದು. 2014ರಲ್ಲಿ ಟೈಟಾನ್‌ಫಾಲ್ ಎಂಬ ಗುಂಡಿನಾಟದಲ್ಲಿ ಇದನ್ನು ಮಾಡಿದ್ದರು: ಸಿಕ್ಕಿಬಿದ್ದವರಿಗೆ ಎದುರಾಳಿಗಳಾಗಿ ಸಿಕ್ಕಿಬಿದ್ದವರೇ ಸಿಗುತ್ತಿದ್ದರು. ಖಾತೆ ಜೀವಂತವಾಗಿರುವವರೆಗೆ ಹೊಸದನ್ನು ತೆರೆಯುವ ತುರ್ತು ಹುಟ್ಟುವುದಿಲ್ಲ. ಹಿಡಿದ ಕೂಡಲೇ ಕ್ರಮ ಕೈಗೊಳ್ಳದೆ ಕೆಲವು ವಾರ ಕಾದು ಒಂದು ಗುಂಪನ್ನೇ ಒಟ್ಟಿಗೆ ತೆಗೆಯುವ ರೂಢಿಯೂ ಇದೆ. ಯಾವ ತಪಾಸಣೆಯಲ್ಲಿ ಸಿಕ್ಕಿಬಿದ್ದೆವೆಂಬುದು ಹ್ಯಾಕ್ ಮಾರುವವರಿಗೆ ಆಗ ಸುಲಭಕ್ಕೆ ತಿಳಿಯುವುದಿಲ್ಲ. ಈ ಕಾಯುವಿಕೆಯನ್ನು ಕಂಡು 'ದೂರು ಕೊಟ್ಟರೂ ಏನೂ ಮಾಡಲಿಲ್ಲ' ಎಂದು ಕೆಲವು ಓದುಗರು ಬರೆದಿದ್ದಾರೆ. ಬಹುಮಾನದ ಸ್ಪರ್ಧೆ ನಡೆಯುತ್ತಿರುವಾಗ ಕಾಯುವುದು ತಪ್ಪೆಂಬುದರಲ್ಲಿ ನಾನೂ ಅವರ ಪರ. ನಿಮ್ಮ ಮಟ್ಟಿಗೆ, ಒಂದೇ ವೈಫೈಯಲ್ಲಿದ್ದ ಬೇರೆ ಬೇರೆ ಖಾತೆಗಳೆಂದು ಪ್ರತಿಯೊಬ್ಬರೂ ಪ್ರತ್ಯೇಕವಾಗಿ ಮನವಿ ಕಳಿಸಿ, ಒಬ್ಬನೇ ಎಲ್ಲರ ಪರವಾಗಿ ಬರೆಯಬೇಡಿ.

ಪ್ರಶ್ನೆ: ನಮ್ಮ ಗೇಮಿಂಗ್ ಸೆಂಟರ್ ವತಿಯಿಂದ ಆನ್‌ಲೈನ್ ರೇಸಿಂಗ್ ಸ್ಪರ್ಧೆ ನಡೆಸುವ ಯೋಚನೆಯಿದೆ. ಅರ್ಹತಾ ಸುತ್ತನ್ನು ಮನೆಯಿಂದಲೇ ಆಡಲು ಬಿಡಬಹುದೇ? (ಕೊಪ್ಪಳ)

ಉತ್ತರ: ಬಿಡಬಹುದು, ಆದರೆ ಅಂತಿಮ ಸುತ್ತು ನಿಮ್ಮ ಸೆಂಟರಿನಲ್ಲಿ, ನಿಮ್ಮದೇ ಯಂತ್ರಗಳಲ್ಲಿ ನಡೆಯಲಿ. ಮನೆಯಲ್ಲಿ ಆಡಿದ ಸಮಯಕ್ಕೂ ಸೆಂಟರಿನಲ್ಲಿ ಆಡಿದ ಸಮಯಕ್ಕೂ ವಿವರಿಸಲಾಗದ ವ್ಯತ್ಯಾಸ ಕಂಡರೆ ಪ್ರಶ್ನಿಸುವ ಹಕ್ಕನ್ನು ನಿಯಮಾವಳಿಯಲ್ಲಿ ಮೊದಲೇ ಬರೆದಿಡಿ. ಬೇರೆ ಸ್ಟೀರಿಂಗ್, ಬೇರೆ ಪರದೆಯಿಂದ ಸ್ವಲ್ಪ ವ್ಯತ್ಯಾಸವಾಗುವುದು ಸಹಜವಾದ್ದರಿಂದ ಅಭ್ಯಾಸಕ್ಕೆ ಅರ್ಧ ಗಂಟೆ ಕೊಡಿ. ಅರ್ಹತಾ ಸುತ್ತಿನ ರಿಪ್ಲೇ ಕಡತವನ್ನು ಕಡ್ಡಾಯವಾಗಿ ತರಿಸಿಕೊಳ್ಳಿ, ವಿಡಿಯೊ ಮಾತ್ರ ಸಾಲದು.

ಎಲ್ಲಕ್ಕಿಂತ ಮೊದಲು, ಆಡುತ್ತಿರುವವರು ಯಾರೆಂಬುದನ್ನು ಖಚಿತಪಡಿಸಿಕೊಳ್ಳಿ. ಯಾವ ತಂತ್ರಾಂಶವೂ ಹಿಡಿಯದ ಮೋಸವೆಂದರೆ ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಕೂರುವುದು. 2020ರ ಮೇ ತಿಂಗಳಲ್ಲಿ, ಕೋವಿಡ್ ಕಾರಣ ನಿಜವಾದ ರೇಸುಗಳು ನಿಂತಿದ್ದಾಗ ವಿದ್ಯುತ್ ಕಾರುಗಳ ರೇಸಿಂಗ್ ಸರಣಿಯಾದ ಫಾರ್ಮುಲಾ ಇ ನಡೆಸಿದ ಆನ್‌ಲೈನ್ ಸ್ಪರ್ಧೆಯಲ್ಲಿ ಜರ್ಮನಿಯ ವೃತ್ತಿಪರ ಚಾಲಕ ಡೇನಿಯಲ್ ಆಪ್ಟ್ ತಮ್ಮ ಬದಲು ನುರಿತ ಆನ್‌ಲೈನ್ ಆಟಗಾರರೊಬ್ಬರನ್ನು ಕೂರಿಸಿ ಮೂರನೇ ಸ್ಥಾನ ಪಡೆದಿದ್ದರು. ಅಲ್ಲಿಯವರೆಗಿನ ಅವರ ಪ್ರದರ್ಶನಕ್ಕೆ ಹೊಂದದ ವೇಗವನ್ನು ಕಂಡು ಸಹ ಚಾಲಕರೇ ಅನುಮಾನಪಟ್ಟರು. ಆಪ್ಟ್ ಅನರ್ಹಗೊಂಡು, 10,000 ಯೂರೋ ಮೊತ್ತವನ್ನು ಸೇವಾಸಂಸ್ಥೆಗೆ ಕೊಡಬೇಕಾಯಿತು, ಅವರ ರೇಸಿಂಗ್ ತಂಡವಾದ ಔಡಿ ಅವರನ್ನು ಅಮಾನತುಗೊಳಿಸಿತು. ಆದ್ದರಿಂದ ಮನೆಯಿಂದ ಆಡುವವರ ಮುಖ ಮತ್ತು ಕೈ ಎರಡೂ ಕಾಣುವಂತೆ ಕ್ಯಾಮೆರಾ ಇರಬೇಕೆಂದು ನಿಯಮ ಮಾಡಿ.

ಸ್ಪರ್ಧಿಗಳಿಂದ ಪಣದ ಹಣ ಕೂಡಿಸಿ ಗೆದ್ದವರಿಗೆ ಹಂಚುವ ಆಲೋಚನೆಯಿದ್ದರೆ ಕೈಬಿಡಿ. ಆನ್‌ಲೈನ್ ಹಣದಾಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆಗೆ 2025ರ ಆಗಸ್ಟಿನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. ಪ್ರವೇಶ ಶುಲ್ಕ, ಬಹುಮಾನಗಳ ಸ್ವರೂಪವನ್ನು ವಕೀಲರೊಬ್ಬರಿಗೆ ತೋರಿಸಿಯೇ ಪ್ರಕಟಣೆ ಹೊರಡಿಸಿ.

ಪ್ರಶ್ನೆ: ಒಂಬತ್ತನೇ ತರಗತಿಯ ನನ್ನ ಮಗ ರೇಸಿಂಗ್ ಆಟದ 'ಮಾಡ್ ಎಪಿಕೆ' ಹಾಕಿಕೊಂಡಿದ್ದಾನೆ. ಅದರಲ್ಲಿ ಎಲ್ಲ ಕಾರುಗಳೂ ಪುಕ್ಕಟೆಯಂತೆ. ಅದೇ ಫೋನಿನಲ್ಲಿ ನನ್ನ ಯುಪಿಐ ಇದೆ. ತೊಂದರೆಯಿದೆಯೇ? (ರಾಯಚೂರು)

ಉತ್ತರ: ಇದೆ ತಾಯಿ. ಅಧಿಕೃತ ಆಟವನ್ನು ಬಿಚ್ಚಿ, ತಿದ್ದಿ, ಮರಳಿ ಹೊಲಿದ ಕಡತ ಅದು. ತಿದ್ದಿದವರು ಕಾರುಗಳನ್ನು ಬಿಡಿಸಿಕೊಡುವುದರ ಜೊತೆಗೆ ಇನ್ನೇನನ್ನು ಸೇರಿಸಿದ್ದಾರೆಂದು ಪರೀಕ್ಷಿಸಿದವರು ಯಾರೂ ಇರುವುದಿಲ್ಲ. ಅಂಥ ಕಡತ ಎಸ್‌ಎಂಎಸ್ ಓದುವ ಅಥವಾ ಪರದೆಯನ್ನು ನೋಡುವ ಅನುಮತಿ ಕೇಳಿ ಪಡೆದಿದ್ದರೆ ನಿಮ್ಮ ಒಟಿಪಿ ಅದರ ಕೈಗೆ ಸಿಗುತ್ತದೆ. ಇಂದೇ ಆ ಆಟವನ್ನು ತೆಗೆದುಹಾಕಿ, ಸೆಟ್ಟಿಂಗ್ಸ್‌ನಲ್ಲಿ ಅಪರಿಚಿತ ಮೂಲಗಳಿಂದ ಆ್ಯಪ್ ಹಾಕುವ ಅನುಮತಿಯನ್ನು ಮುಚ್ಚಿ, ಪ್ಲೇ ಪ್ರೊಟೆಕ್ಟ್ ತಪಾಸಣೆ ನಡೆಸಿ, ಆಮೇಲೆ ಬೇರೊಂದು ಫೋನಿನಿಂದ ಬ್ಯಾಂಕಿನ ಪಾಸ್‌ವರ್ಡ್ ಬದಲಿಸಿ, ಯುಪಿಐ ಪಿನ್ ಕೂಡ ಬದಲಿಸಿ. ಖಾತೆಯಿಂದ ಹಣ ಹೋಗಿರುವುದು ಕಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿ, ಬ್ಯಾಂಕಿಗೂ ತಿಳಿಸಿ.